ಕಾನ್ಹೇರಿಯ ಕಲ್ಲುಮನೆಗಳು

ಚಳಿಗಾಲದ ಒಂದು ರವಿವಾರ ನಾವೆಲ್ಲರೂ ಕೂಡಿ ಮುಂಬಯಿಯ ಬೊರಿವಲಿ ಕಾಡಿನಲ್ಲಿರುವ ಕಾನ್ಹೇರಿ ಗುಡ್ಡವನ್ನೇರಿದೆವು. ಕರಿಗಲ್ಲಿನಲ್ಲಿ ಕೊರೆದ ನೂರಕ್ಕೂ ಮಿಕ್ಕ ಗುಹೆಗಳು. ಬೌದ್ಧ ಭಿಕ್ಷುಗಳು ಸುಮಾರು ಸಾವಿರ ವರ್ಷ ಬಾಳಿದ ನೆಲೆ. ಹಲವು ಗುಹೆಗಳಲ್ಲಿ ಪುಟ್ಟ ಪಡಸಾಲೆ, ಒಂದು ಕೋಣೆ, ಮಲಗಲು ಕಲ್ಲಿನ ಕಟ್ಟೆ. ನಮ್ಮ ಚಾಳಿನ ಬಿಡಾರಗಳೇ ಸರಿ! ಆದರೆ ಬಾಗಿಲ ಬಳಿಯಲ್ಲೇ ನೀರಿನ ತೊಟ್ಟಿ. ಬಂಡೆಯಲ್ಲಿ ಕಡಿದ ಕಾಲುವೆಗಳಿಂದ ಮಳೆನೀರು ತಾನಾಗಿ ಅದಕ್ಕಿಳಿಯುವುದು. ನಸುಕಿನಲ್ಲೆದ್ದು ನಲ್ಲಿಯ ಮುಂದೆ ಕೊಡವಿಟ್ಟು ಕಾಯುವ ನಾವು ಅಲ್ಲಿಯೇ ಬಹಳ ಹೊತ್ತು ನಿಂತೆವು.

ಹಿಂದಿನ ವಾರವಷ್ಟೇ "ನೀವು ಹೊರಗಿನವರು" ಎಂಬ ಮಾತನ್ನು ಕೇಳಿ ಬಾಲಕನೊಬ್ಬನು ಅಳುತ್ತ ಶಾಲೆಗೆ ಬಂದಿದ್ದನು. ನಮಗೆ ಆಗ ಉತ್ತರ ತೋಚಿರಲಿಲ್ಲ. ಇಲ್ಲಿಯ 9ನೆಯ ಶತಮಾನದ ಶಾಸನಗಳಲ್ಲಿ ಮಾನ್ಯಖೇಟದ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆಯೆಂದು ಹೇಳಿದಾಗ ಅವನ ಮುಖವರಳಿತು.

"ಹಾಗಾದರೆ ಇದು ನಮ್ಮದೇ, ಸರ್?"

ಶಾಸನಗಳ ಭಾಷೆ ಸಂಸ್ಕೃತ, ದಾನಿಗಳಲ್ಲೊಬ್ಬನು ದೂರದ ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದವನು ಎಂಬುದನ್ನು ಮುಚ್ಚಿಡಲು ನಮಗೆ ಮನಸ್ಸಾಗಲಿಲ್ಲ.

ಅವನು ಕಲ್ಲುಕಟ್ಟೆಯ ಮೇಲೆ ಕಾಲು ಚಾಚಿ ಮಲಗಿ, ತುಸು ಯೋಚಿಸಿ ಕೇಳಿದನು: "ಮತ್ತೆ ಇಲ್ಲಿಯವರು ಯಾರು, ಸರ್?"

ಅಷ್ಟರಲ್ಲಿ ಹೊರಗೆ ಮಂಗವೊಂದು ನಮ್ಮ ರೊಟ್ಟಿಯ ಗಂಟನ್ನೆತ್ತಿಕೊಂಡು ಮರವೇರಿತ್ತು.