ಅಂಗಡಿಯ ಹುಲಿ

ಕರಪತ್ರದಲ್ಲಿ ಅಚ್ಚಾಗಿದ್ದದ್ದು ಹೀಗೆ: ‘ಕಾಫಿ ನಾಡಿನ ಪ್ರಾಚೀನ ಬೌದ್ಧ ಮತ್ತು ಹಿಂದೂ ದೇವಾಲಯಗಳ ಒಂದು ದಿನದ ದರ್ಶನ. ಅನುಭವೀ ಮಾರ್ಗದರ್ಶಿ. ತಿಂಡಿ, ಊಟ ಸೇರಿ ತಲೆಗೆ ಸಾವಿರದ ಇನ್ನೂರು.’

ನಾನು ಚಿಕ್ಕಮಗಳೂರಿನಲ್ಲಿ ಕನ್ನಡ ಪಾಠ ಹೇಳುತ್ತ ಹದಿನೆಂಟು ವರ್ಷ ಕಳೆದವನು. ಈ ಬೆಟ್ಟಗಳಲ್ಲಿ ಪ್ರಾಚೀನ ಬೌದ್ಧ ದೇವಾಲಯವೊಂದು ಇದೆಯೆಂದು ಇಷ್ಟು ದಿನ ಯಾರೂ ನನ್ನ ಕಿವಿಗೆ ಹಾಕಿರಲಿಲ್ಲ. ಅದು ಯಾವುದು, ನೋಡಿಯೇ ಬಿಡೋಣ ಎಂಬ ಕುತೂಹಲ ಅರ್ಧ. ‘ಕಳಸಕ್ಕೆ ಒಂದು ಸಲ ಕರಕೊಂಡು ಹೋಗೋ’ ಎಂದು ಎರಡು ವರ್ಷದಿಂದ ಹೇಳುತ್ತಿದ್ದ ನನ್ನ ತಾಯಿಯವರ ಮಾತು ಇನ್ನರ್ಧ. ಅಮ್ಮ ಹುಟ್ಟಿದ್ದು ಕಳಸದ ಹತ್ತಿರದ ಒಂದು ಹಳ್ಳಿಯಲ್ಲಿ. ಅಂತೂ ಮಾರ್ಚಿ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ನಾವಿಬ್ಬರೂ ಟೆಂಪೊ ಹತ್ತಿ ಕುಳಿತೆವು. ನಮ್ಮೊಂದಿಗೆ ಬೆಂಗಳೂರಿನ ಹೊಸ ದಂಪತಿಗಳು, ದಾವಣಗೆರೆಯ ಮೂವರು ಅಕ್ಕತಂಗಿಯರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು. ಈ ಹಿರಿಯರ ಕೈಯಲ್ಲಿ ಒಂದು ಟಿಪ್ಪಣಿ ಪುಸ್ತಕವಿತ್ತು. ಟಿಪ್ಪಣಿ ಪುಸ್ತಕ ಹಿಡಿದ ಯಾತ್ರಿಕನನ್ನು ಕಂಡರೆ ಮಾರ್ಗದರ್ಶಿಗಳಿಗೆ ಸ್ವಲ್ಪ ಭಯ. ನಮ್ಮ ಮಾರ್ಗದರ್ಶಿಯೋ ಇಪ್ಪತ್ತಾರು ವರ್ಷದ ಹುಡುಗ. ಅವನು ಹೆದರಿದಂತೆ ಕಾಣಲಿಲ್ಲ.

ಮೊದಲು ಹಿರೇಮಗಳೂರು. ಸಖರಾಯಪಟ್ಟಣದ ದೊರೆ ರುಕ್ಮಾಂಗದ ಹಿರಿಯ ಮಗಳಿಗೆ ಈ ಊರನ್ನೂ ಕಿರಿಯ ಮಗಳಿಗೆ ಪಕ್ಕದ ಊರನ್ನೂ ಬಳುವಳಿ ಕೊಟ್ಟನೆಂದು ಐತಿಹ್ಯ. ಕಿರಿಯಳ ಊರು ಬೆಳೆದು ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಹಿರಿಯಳದು ಅದರ ಬಡಾವಣೆಯಂತಾಯಿತು. ಇಲ್ಲಿನ ಕೋದಂಡರಾಮನ ಬಲಗಡೆ ಸೀತೆ ನಿಂತಿದ್ದಾಳೆ. ಮದುವೆಯ ಹಸೆಯ ಮೇಲೆ ಹೆಣ್ಣು ನಿಲ್ಲುವ ಹಾಗೆ. ಇಲ್ಲಿ ಕನ್ನಡದಲ್ಲಿ ಅರ್ಚನೆ ನಡೆಯುವುದು ಹಿರೇಮಗಳೂರು ಕಣ್ಣನ್ ಅವರಿಂದ ನಾಡಿಗೆಲ್ಲ ತಿಳಿದ ಸಂಗತಿ. ನಮ್ಮ ಹುಡುಗ ಕಾಲು ಗಂಟೆಯಲ್ಲಿ ಇದನ್ನೆಲ್ಲ ಹೇಳಿ ಮುಗಿಸಿ ನಮ್ಮನ್ನು ಮತ್ತೆ ಗಾಡಿಗೆ ತುಂಬಿದ.

ಮೂಡಿಗೆರೆಯ ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ವಾರದ ಹಿಂದೆ ಹೂಮಳೆ ಬಿದ್ದಿತ್ತು. ಕಾಫಿ ಗಿಡ ಹೂಬಿಟ್ಟ ತೋಟವನ್ನು ನೋಡದವರಿಗೆ ಅದನ್ನು ಹೇಳುವುದು ಕಷ್ಟ, ನೋಡಿದವರಿಗೆ ಹೇಳಬೇಕಾಗಿಲ್ಲ. ಕೊಂಬೆ ಕೊಂಬೆಗೂ ಬಿಳಿಯ ಹೂವನ್ನು ಒತ್ತಾಗಿ ಕಟ್ಟಿ ತೂಗುಹಾಕಿದಂತೆ, ಮಲ್ಲಿಗೆಯ ಹತ್ತಿರದ ಆದರೆ ಮಲ್ಲಿಗೆಯಲ್ಲದ ಒಂದು ವಾಸನೆ. ಮೂರು ನಾಲ್ಕು ದಿನ, ಅಷ್ಟೆ. ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಉದುರಿಹೋಗುತ್ತದೆ. ಬೆಂಗಳೂರಿನ ಹುಡುಗಿ ಮಾತ್ರ ‘ಇಷ್ಟೊಂದು ಹೂವನ್ನ ಏನು ಮಾಡ್ತಾರೆ?’ ಎಂದು ಕೇಳಿದಳು. ‘ಕಾಫಿ ಮಾಡಿ ನಿಮಗೆ ಕುಡಿಸ್ತಾರೆ ಮೇಡಂ’ ಎಂದ ಚಾಲಕ.

ಅಂಗಡಿ ಎಂದರೆ ಮಾರುವ ಅಂಗಡಿಯಲ್ಲ, ಊರು. ಮೂಡಿಗೆರೆ ತಾಲ್ಲೂಕಿನಲ್ಲಿ ಕಾಫಿ ತೋಟಗಳ ನಡುವೆ ಅಡಗಿ ಕುಳಿತಿದೆ. ಹಳೆಯ ಹೆಸರು ಸೊಸೆವೂರು. ಅದನ್ನೇ ಸಂಸ್ಕೃತಕ್ಕೆ ಎಳೆದು ಶಶಕಪುರ ಮಾಡಿದರು. ‘ಸೊಸೆ’ ‘ಶಶ’ವಾದ ಮೇಲೆ ಮೊಲವೊಂದು ಕಥೆಯೊಳಕ್ಕೆ ಹಾರಿಬರುವುದು ತಡವಾಗಲಿಲ್ಲ. ಬೇಲೂರಿಗಿಂತ ಮೊದಲು, ದ್ವಾರಸಮುದ್ರಕ್ಕಿಂತ ಮೊದಲು ಹೊಯ್ಸಳರ ಬೇರು ಇದ್ದದ್ದು ಇಲ್ಲಿ. ಬೇಲೂರು, ಹಳೆಯಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ವಾಚಕರು ಪತ್ರಿಕೆಯಲ್ಲಿ ಓದಿರಬೇಕು. ಆ ಪಟ್ಟಿಯಲ್ಲಿ ಅಂಗಡಿ ಇಲ್ಲ. ಇಲ್ಲಿ ಮದನಿಕೆಯರಿಲ್ಲ, ಆನೆ ಕುದುರೆಗಳ ಸಾಲಿಲ್ಲ. ಸಣ್ಣ ಬಸದಿಗಳು, ಹಾಳುಬಿದ್ದ ಗುಡಿಗಳು, ವಸಂತಿಕಾ ದೇವಿಯ ಗುಡಿ. ಊರವರಿಗೆ ಆಕೆ ವಸಂತಮ್ಮ.

ಬಸದಿಯ ಒಳಗೆ ಹೋದ ಕೂಡಲೆ ಕರಪತ್ರದ ಒಗಟು ಬಿಡಿಸಿತು. ದಾವಣಗೆರೆಯ ನಡುವಿನ ತಂಗಿ ಕೈಮುಗಿದು, ‘ಬುದ್ಧ ಎಷ್ಟು ಶಾಂತವಾಗಿದ್ದಾನೆ ನೋಡ್ರಿ’ ಎಂದರು.

ನಾನು ಹುಡುಗನ ಮುಖ ನೋಡಿದೆ. ಅವನು ನನ್ನ ಮುಖ ನೋಡಿ ತಲೆ ಕೆರೆದುಕೊಂಡ. ‘ಅದು ತೀರ್ಥಂಕರ ಅಮ್ಮ, ಜಿನ. ಬುದ್ಧ ಅಲ್ಲ. ತಲೆ ಮೇಲೆ ಮೂರು ಕೊಡೆ ಇದ್ದಾವಲ್ಲ, ಮುಕ್ಕೊಡೆ ಅಂತಾರೆ. ಮೈಮೇಲೆ ಬಟ್ಟೆಯ ಗೆರೆ ಇಲ್ಲ, ನೋಡಿ. ಬುದ್ಧನಿಗೆ ಇರುತ್ತೆ.’ ಚೆನ್ನಾಗಿಯೇ ಹೇಳಿದ. ಹಾಗಾದರೆ ಕರಪತ್ರದಲ್ಲೇಕೆ ಬೌದ್ಧ ಎಂದು ಬ್ಯಾಂಕಿನವರು ಪುಸ್ತಕ ತೆರೆದರು. ‘ಜೈನ ಬಸದಿ ಅಂದರೆ ಬೇರೆಯವರು ತಮಗಲ್ಲ ಅಂದುಕೊಳ್ತಾರೆ ಸಾರ್. ಬುದ್ಧ ಅಂದರೆ ಎಲ್ಲರೂ ಬರ್ತಾರೆ. ಅಚ್ಚು ಹಾಕಿಸಿದ್ದು ಗಾಡಿ ಮಾಲೀಕರು.’

ಇದರಲ್ಲಿ ನಗುವಂಥದೂ ಇದೆ, ಯೋಚಿಸುವಂಥದೂ ಇದೆ. ಕನ್ನಡ ನಾಡಿನಲ್ಲಿ ಬೌದ್ಧರೇ ಇರಲಿಲ್ಲವೆಂದಲ್ಲ. ಇಲ್ಲಿಂದ ಘಟ್ಟ ಇಳಿದು ಮಂಗಳೂರಿಗೆ ಹೋದರೆ ಕದ್ರಿಯ ಮಂಜುನಾಥನ ಗುಡಿಯಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ಇವತ್ತಿಗೂ ಪೂಜೆಗೊಳ್ಳುತ್ತಿದೆ. ಆಳುಪ ದೊರೆ ಕುಂದವರ್ಮ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ನಿಲ್ಲಿಸಿದನೆಂದು ಕ್ರಿ.ಶ. 968ರ ಪೀಠಶಾಸನ ಹೇಳುತ್ತದೆ. ಲೋಕೇಶ್ವರನೂ ವಿಹಾರವೂ ಬೌದ್ಧರ ಮಾತುಗಳು, ಗುಡಿ ಶಿವನದು. ಬಳ್ಳಿಗಾವೆಯಲ್ಲಿ 1065ರಲ್ಲಿ ಒಂದು ಬೌದ್ಧ ವಿಹಾರ ಕಟ್ಟಿಸಿದರು, ತಾರಾ ಭಗವತಿಗೆ ಅಲ್ಲಿ ಪೂಜೆ ನಡೆಯುತ್ತಿತ್ತು. ಆಮೇಲೆ ಆ ಭಕ್ತರು ಏನಾದರು? ಸತ್ತುಹೋಗಲಿಲ್ಲ, ಓಡಿಹೋಗಲಿಲ್ಲ, ಅವರ ಮೊಮ್ಮಕ್ಕಳು ಬೇರೆ ಹೆಸರಿನ ದೇವರಿಗೆ ಹಣತೆ ಹಚ್ಚಿದರು, ಅಷ್ಟೆ ಎಂದು ನನ್ನ ಊಹೆ. ವಸಂತಮ್ಮನನ್ನೇ ಜೈನರ ಪದ್ಮಾವತಿಯೆಂದು ಹೇಳುವ ವಿದ್ವಾಂಸರಿದ್ದಾರೆ. ಅಮ್ಮ ಅದಾವುದನ್ನೂ ಕೇಳಿಸಿಕೊಳ್ಳದೆ ಗುಡಿಗೆ ಮೂರು ಸುತ್ತು ಬಂದರು.

ಗುಡಿಯ ಮುಂದೆ ಹುಡುಗ ಅಂದಿನ ಮುಖ್ಯ ಕಥೆಗೆ ಕೈಹಾಕಿದ. ಮುನಿ ಸುದತ್ತ ಶಿಷ್ಯರಿಗೆ ಪಾಠ ಹೇಳುತ್ತಿದ್ದಾನೆ. ಕಾಡಿನಿಂದ ಹುಲಿ ನುಗ್ಗುತ್ತದೆ. ಮುನಿ ಕೈಯ ಸೆಳೆಯನ್ನು ಶಿಷ್ಯನ ಕಡೆ ಎಸೆದು ‘ಪೊಯ್ ಸಳ!’ ಎನ್ನುತ್ತಾನೆ. ಅಷ್ಟು ಹೇಳುವಾಗ ಹುಡುಗ ನಿಜವಾಗಿಯೂ ಒಂದು ಕಾಫಿ ಕಡ್ಡಿಯನ್ನು ಚಾಲಕನ ಕಡೆಗೆ ಎಸೆದ. ಚಾಲಕ ಅಭ್ಯಾಸವಿದ್ದವನಂತೆ ಹಿಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

‘ಇದು ನಡೆದದ್ದು ಹೌದೋ?’ ಎಂದು ಬ್ಯಾಂಕಿನವರು ಕೇಳಿದರು. ಹುಡುಗ ನನ್ನ ಕಡೆ ಕೈತೋರಿಸಿ, ‘ಸಾರ್ ಕನ್ನಡ ಮೇಷ್ಟ್ರು. ಅವರು ಹೇಳಬೇಕು’ ಎಂದ. ನನ್ನ ಕಸಬು ಅವನಿಗೆ ಹೇಗೆ ತಿಳಿಯಿತೋ, ಅಮ್ಮ ಹೇಳಿರಬೇಕು.

ನಾನು ಇದನ್ನು ಪ್ರತಿವರ್ಷ ತರಗತಿಯಲ್ಲಿ ಹೇಳುವವನು. ಹಳಗನ್ನಡದ ಮೊದಲ ಪಕಾರ ಬರಬರುತ್ತ ಹಕಾರವಾಯಿತು: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಪುಲಿ ಹುಲಿಯಾಗುವ ಕಾಲದಲ್ಲಿ ಪೊಯ್ಸಳರು ಹೊಯ್ಸಳರಾದರು. ಮೊದಲು ಹೆಸರು, ಆಮೇಲೆ ಅದರ ಅರ್ಥ ಬಿಡಿಸಲು ಕಥೆ. ಸಳನೆಂಬ ದೊರೆ ತಾನೇ ಹಾಕಿಸಿದ ಶಾಸನ ಒಂದೂ ಸಿಕ್ಕಿಲ್ಲ. ಶಾಸನಗಳಲ್ಲಿ ಮೊದಲು ಕಾಣುವವರು ಅರೆಕಲ್ಲ, ಮಾರುಗ, ನೃಪಕಾಮ ಮುಂತಾದ ಬೆಟ್ಟದ ನಾಯಕರು. ಹುಲಿಯ ಕಥೆ ಶಾಸನಕ್ಕೆ ಏರಿದ್ದು ವಿಷ್ಣುವರ್ಧನನ ಕಾಲಕ್ಕೆ, ಮನೆತನ ಮೇಲಕ್ಕೆ ಬಂದಮೇಲೆ. ಇಷ್ಟನ್ನು ಆದಷ್ಟು ಚಿಕ್ಕದಾಗಿ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

‘ಅಂದರೆ ಸುಳ್ಳು’ ಎಂದು ಬ್ಯಾಂಕಿನವರು ಬರೆದುಕೊಳ್ಳಲು ಹೊರಟರು.

ಅಮ್ಮನಿಗೆ ಇದು ಸರಿಬರಲಿಲ್ಲ. ‘ನನ್ನ ಅಜ್ಜನ ಕೊಟ್ಟಿಗೆಯಿಂದ ಹುಲಿ ಕರು ಹೊತ್ತುಕೊಂಡು ಹೋಗಿತ್ತು ಮಾರಾಯ. ಅದಕ್ಕೆ ಶಾಸನ ಹಾಕಿಸಿದ್ದಾರೇನೋ? ಹಾಗಂತ ಕರು ಹೋಗಲಿಲ್ಲವಾ?’ ಎಂದರು. ದಾವಣಗೆರೆಯವರು ಮೂವರೂ ಅಮ್ಮನ ಪಕ್ಷ ಸೇರಿದರು.

ನನ್ನ ಮಟ್ಟಿಗೆ ಆ ಕಥೆಯಲ್ಲಿ ಹುಲಿಗಿಂತ ದೊಡ್ಡ ವಿಷಯ ಬೇರೆ ಇದೆ. 1117ರಲ್ಲಿ ಬೇಲೂರಿನಲ್ಲಿ ಕೇಶವನಿಗೆ ಅಷ್ಟು ದೊಡ್ಡ ಗುಡಿ ಕಟ್ಟಿಸಿದ ದೊರೆ ತನ್ನ ವಂಶದ ಹುಟ್ಟನ್ನು ಹೇಳಿಸುವಾಗ ಎಲ್ಲಿಗೆ ಹೋದ? ಕಾಡಿನ ನಡುವಿನ ಈ ಹಳ್ಳಿಗೆ. ಒಬ್ಬ ಜೈನ ಮುನಿಯ ಬಾಯಿಗೆ. ಒಂದು ಹೆಣ್ಣುದೇವರ ಅಂಗಳಕ್ಕೆ. ಅವನ ರಾಣಿ ಶಾಂತಲೆ ಜೈನಳಾಗಿಯೇ ಉಳಿದು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಬೇಕಾದರೆ ಸಳನನ್ನು ಯಾವುದಾದರೂ ವೈಷ್ಣವ ಆಚಾರ್ಯರ ಶಿಷ್ಯನನ್ನಾಗಿ ಮಾಡಬಹುದಿತ್ತು. ಕವಿಗಳಿಗೇನು, ಹೇಳಿದಂತೆ ಬರೆದುಕೊಡುತ್ತಿದ್ದರು. ಹಾಗೆ ಮಾಡಲಿಲ್ಲ. ಇದನ್ನು ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗ ಎಲ್ಲರನ್ನೂ ಒಂದು ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿದ್ದ.

ಶಾಸನದ ಕಲ್ಲು. ಅವನು ಬಾಟಲಿಯ ನೀರು ಸುರಿದು, ಅಂಗೈಯಿಂದ ಒರಸಿ, ಅಕ್ಷರದ ಮೇಲೆ ಬೆರಳಿಟ್ಟು ‘ಸ್ವಸ್ತಿ ಶ್ರೀ’ ಎಂದು ಓದತೊಡಗಿದ. ನಾನು ಗಮನವಿಟ್ಟು ಕೇಳಿದೆ. ಬಾಯಿಪಾಠವಲ್ಲ, ನಿಜವಾಗಿ ಓದುತ್ತಿದ್ದ. ಸವೆದ ಕಡೆ ನಿಂತು, ಬಿಸಿಲಿಗೆ ಓರೆಯಾಗಿ ತಲೆ ಬಾಗಿಸಿ ನೋಡಿ, ತಿಳಿಯದ ಅಕ್ಷರವನ್ನು ಬಿಟ್ಟು ಮುಂದೆ ಹೋಗುತ್ತಿದ್ದ. ಎಂ.ಎ. ಮುಗಿಸಿ ಬಂದವರಲ್ಲಿ ಇಷ್ಟು ಓದಬಲ್ಲವರನ್ನು ನಾನು ಬೆರಳೆಣಿಕೆಯಲ್ಲಿ ಕಂಡಿದ್ದೇನೆ.

ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತಾಗ ಅವನನ್ನು ಎದುರು ಕೂರಿಸಿಕೊಂಡು ವಿಚಾರಿಸಿದೆ. ತಂದೆ ತೋಟದಲ್ಲಿ ಮೇಸ್ತ್ರಿ, ಮನೆಮಾತು ತಮಿಳು, ಬೆಳೆದದ್ದು ಲೈನು ಮನೆಯಲ್ಲಿ. ಶಾಲೆಯಲ್ಲಿ ಕಲಿತ ಕನ್ನಡ. ತೇಜಸ್ವಿಯವರ ‘ಕರ್ವಾಲೊ’ ಓದಿ, ನಮ್ಮ ಮೂಡಿಗೆರೆಯೂ ಪುಸ್ತಕದೊಳಗೆ ಬರುತ್ತದಲ್ಲ ಎಂದು ಬೆರಗಾಗಿ, ಬಿ.ಎ.ಗೆ ಐಚ್ಛಿಕ ಕನ್ನಡ ತೆಗೆದುಕೊಂಡ. ಶಾಸನ ಓದುವುದನ್ನು ಒಂದು ಶಿಬಿರದಲ್ಲಿ ಕಲಿತ. ಮುಂದೆ ಒಬ್ಬನೇ ಕಲ್ಲುಗಳ ಮುಂದೆ ಕುಳಿತು ರೂಢಿಮಾಡಿಕೊಂಡ.

‘ಇದರಲ್ಲೇ ಮುಂದುವರಿಯಬಹುದಲ್ಲಪ್ಪ?’ ಎಂದೆ.

‘ಜೂನಿನಿಂದ ಒಂದು ರೆಸಾರ್ಟಿಗೆ ಸೇರ್ತಾ ಇದೀನಿ ಸಾರ್. ಮಳೆಗಾಲದಲ್ಲಿ ಇಲ್ಲಿ ಗಾಡಿಯೇ ಹೊರಡೋಲ್ಲ. ತಂಗಿ ಮದುವೆಯ ಸಾಲ ಇದೆ.’ ಆಮೇಲೆ, ‘ನಿಮ್ಮ ಕಾಲೇಜಿನಲ್ಲಿ ಐಚ್ಛಿಕಕ್ಕೆ ಎಷ್ಟು ಜನ ಸಾರ್?’ ಎಂದು ಕೇಳಿದ.

‘ಈ ವರ್ಷ ನಾಲ್ಕು’ ಎಂದೆ.

ಅವನು ಏನೂ ಹೇಳಲಿಲ್ಲ. ದೋಸೆಯ ಮೇಲೆ ಇನ್ನಷ್ಟು ಚಟ್ನಿ ಹಾಕಿಕೊಂಡ. ಆ ನಾಲ್ವರಿಗೆ ನಾನು ಏನು ಆಸೆ ತೋರಿಸಿ ಪಾಠ ಮಾಡುತ್ತಿದ್ದೇನೆ ಎಂಬ ಪ್ರಶ್ನೆ ಆ ಮೇಜಿನ ಮೇಲೆಯೇ ಇತ್ತು. ಬಿಲ್ಲು ಕೊಟ್ಟು ಎದ್ದಾಗಲೂ ಅಲ್ಲಿಯೇ ಇತ್ತು.

ಕಳಸದ ದಾರಿ ತಿರುವುಗಳ ದಾರಿ. ಹೇಮಾವತಿ ಹುಟ್ಟುವ ಜಾವಳಿಯ ಕಡೆಯ ಬೆಟ್ಟಗಳನ್ನು ಬಳಸಿ ಭದ್ರೆಯ ಕಣಿವೆಗೆ ಇಳಿಯಬೇಕು. ಹೊಸ ದಂಪತಿಗಳಿಗೆ ಹೊಟ್ಟೆ ತೊಳಸಿ ಎರಡು ಸಲ ಗಾಡಿ ನಿಂತಿತು. ಅಮ್ಮ ಮಾತ್ರ ಕಿಟಕಿಯ ಹೊರಗೆ ಮುಖವಿಟ್ಟು, ಇದು ಇಂಥವರ ತೋಟ, ಅದು ಇಂಥವರ ಗದ್ದೆ ಎಂದು ಐವತ್ತು ವರ್ಷದ ಹಿಂದಿನ ಪಹಣಿ ಓದುತ್ತಿದ್ದರು. ಗದ್ದೆಗಳು ಬಹುಪಾಲು ಅಡಕೆ ತೋಟಗಳಾಗಿದ್ದವು.

ಕಳಸೇಶ್ವರನ ಗುಡಿಗೆ ಮೆಟ್ಟಿಲು ಹತ್ತಬೇಕು. ಅಮ್ಮ ನಾಲ್ಕು ಕಡೆ ಕುಳಿತು ಹತ್ತಿದರು. ಶಿವನ ಮದುವೆಗೆ ಜಗತ್ತೆಲ್ಲ ಹಿಮಾಲಯದಲ್ಲಿ ನೆರೆದು ಭೂಮಿ ವಾಲಿದಾಗ ಅಗಸ್ತ್ಯನನ್ನು ದಕ್ಷಿಣಕ್ಕೆ ಅಟ್ಟಿದರಂತೆ. ಅವನಿಗೆ ಇಲ್ಲಿ ನಿಂತಲ್ಲಿಯೇ ಗಿರಿಜಾ ಕಲ್ಯಾಣದ ದರ್ಶನವಾಯಿತಂತೆ. ಹುಡುಗ ಈ ಪುರಾಣವನ್ನು ಎರಡು ಮಾತಿನಲ್ಲಿ ಮುಗಿಸಿದ. ಅಂಗಡಿಯಲ್ಲಿ ಎಸೆದ ಕಡ್ಡಿ ಇಲ್ಲಿ ಬರಲಿಲ್ಲ. ಬದಲಿಗೆ ಅವನು ಇಲ್ಲಿ ಆಳಿದವರ ಸಂಗತಿ ಹೇಳತೊಡಗಿದ. ಪೊಂಬುಚ್ಚದಿಂದ ಬಂದ ಸಾಂತರರು, ಜೈನರು. ಇಲ್ಲಿಂದಲೇ ಘಟ್ಟದ ಕೆಳಗಿನ ಕಾರ್ಕಳದವರೆಗೆ ಆಳಿದರು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಇದೇ ಮನೆತನದವನು. ಜಿನಭಕ್ತರಾದ ಅವರು ಕಳಸನಾಥನಿಗೆ ಭೂಮಿ ಬಿಟ್ಟರು, ದೀಪಕ್ಕೆ ಎಣ್ಣೆ ಬಿಟ್ಟರು. ಹದಿಮೂರನೆಯ ಶತಮಾನದಲ್ಲಿ ಈ ನಾಡನ್ನು ಇಬ್ಬರು ಹೆಂಗಸರು ಆಳಿದರು: ಜಾಕಲ ಮಹಾದೇವಿ, ಕಾಳಲ ಮಹಾದೇವಿ. ಅವರ ಹೆಸರು ಪುರಾಣದಿಂದ ಬಂದದ್ದಲ್ಲ, ಇಲ್ಲಿನ ಕಲ್ಲುಗಳಿಂದ ಬಂದದ್ದು.

ಹುಲಿಯಿಲ್ಲ, ಪವಾಡವಿಲ್ಲ. ಆದರೂ ಯಾರೂ ಕದಲಲಿಲ್ಲ. ಬ್ಯಾಂಕಿನವರು ‘ಕಾಳಲಕ್ಕೆ ಯಾವ ಳ?’ ಎಂದು ಕೇಳಿ ಬರೆದುಕೊಂಡರು. ಕೆಳಗೆ ಭದ್ರೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು.

ಅಮ್ಮ ಮೆಟ್ಟಿಲ ಮೇಲೆ ಕುಳಿತಿದ್ದವರು ಅವನನ್ನು ಹತ್ತಿರ ಕರೆದರು. ‘ಇದೇ ಊರಲ್ಲಿ ಹುಟ್ಟಿ ಬೆಳೆದವಳು ನಾನು. ಒಬ್ಬರೂ ಹೇಳಲಿಲ್ಲ ಇದನ್ನ. ಆ ರಾಣಿಯರ ಹೆಸರು ಇನ್ನೊಂದು ಸಲ ಹೇಳು ಮಗಾ.’

ಅವನು ಹೇಳಿದ. ಅಮ್ಮ ಎರಡು ಸಲ ಬಾಯಿಗೆ ರೂಢಿ ಮಾಡಿಕೊಂಡರು.

‘ಎಷ್ಟು ವರ್ಷ ಓದಿದ್ದೀಯ?’

‘ಹದಿನೈದು ವರ್ಷ ಅಜ್ಜಿ.’

‘ಅಷ್ಟು ಓದಿ ಹೋಟೆಲಿನ ಬಾಗಿಲು ಕಾಯಲಿಕ್ಕೆ ಹೋಗ್ತೀಯಾ?’

ದೋಸೆಯ ಅಂಗಡಿಯ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಪಕ್ಕದ ಮೇಜಿನಿಂದ ಕೇಳಿಸಿಕೊಂಡಿದ್ದರು. ಹುಡುಗ ನಕ್ಕ.

‘ಬಾಗಿಲಲ್ಲ ಅಜ್ಜಿ, ಕೌಂಟರು. ಬಂದವರ ಹೆಸರು ಬರೆದುಕೊಳ್ಳೋ ಕೆಲಸ.’

ಕೆಳಗಿನಿಂದ ಚಾಲಕ ಹಾರನ್ನು ಒತ್ತಿದ. ಬಾಳೆಹೊನ್ನೂರಿನ ಮೇಲೆ ಹಾದು, ಒಂಬತ್ತು ಗಂಟೆಯ ಒಳಗೆ ಚಿಕ್ಕಮಗಳೂರು ಸೇರಬೇಕಾಗಿತ್ತು. ಹುಡುಗ ಅಮ್ಮನಿಗೆ ಕೈಕೊಟ್ಟು, ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಹೋದ.