ಸಾವಿರದ ಮನೆಯ ಬಾಗಿಲು

ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆ ಗುಜರಿ ಅಂಗಡಿಗೆ 'ಭಂಗಾರದ ಅಂಗಡಿ' ಅನ್ನುತ್ತಾರೆ. ಮರಾಠಿಯಿಂದ ಬಂದ ಮಾತು. ಹೊಸಬರು ಕೇಳಿದರೆ ಒಳಗೆ ಸರ, ಬಳೆ ತೂಗುಹಾಕಿದ್ದಾರೆ ಅಂದುಕೊಳ್ಳಬೇಕು! ಇರುವುದೆಲ್ಲ ತುಕ್ಕು ತಗಡು, ಸೋರುವ ಕೊಡ, ಗಾಲಿ ಇಲ್ಲದ ಸೈಕಲ್ಲು. ಆದರೆ ಹೊಟ್ಟೆ ಸೀಳಿದ 'ಭ'ಕ್ಕೂ ಸೀಳದ 'ಬ'ಕ್ಕೂ ನಡುವಿನ ದೂರ ಬಹಳ ಸಣ್ಣದು ಎಂದು ಕಳೆದ ಬೇಸಿಗೆ ರಜೆಯಲ್ಲಿ ನನಗೂ ನನ್ನ ಮೊಮ್ಮಗಳಿಗೂ ಗೊತ್ತಾಯಿತು.

ನಾನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವ, ಮನೆ ರಾಯಬಾಗದಲ್ಲಿ. ಮೊಮ್ಮಗಳು ಬೆಳಗಾವಿಯಲ್ಲಿ ಆರನೇ ತರಗತಿ. ನಿಪ್ಪಾಣಿಯ ಒಂದು ಭಂಗಾರದ ಅಂಗಡಿಯಲ್ಲಿ ಹಳೆಯ ನಳದ ಬಿಡಿಭಾಗ ಹುಡುಕುತ್ತಿದ್ದಾಗ ಅವಳ ಕಣ್ಣಿಗೆ ಒಂದು ಹಲಗೆ ಬಿತ್ತು. ಎರಡು ಅಡಿ ಉದ್ದ, ಒಂದಡಿ ಅಗಲ. ಮೇಲ್ತುದಿಯಲ್ಲಿ ಕಮಾನಿನಂತೆ ಬಾಗಿಸಿದ ತಗಡಿನ ಪಟ್ಟಿ, ಮೈತುಂಬ ಮೊಳೆ, ಮೊಳೆಗಳ ನಡುವೆ 50, 100, 500 ಎಂದು ಬರೆದ ಮನೆಗಳು. ಬಲಬದಿಯಲ್ಲಿ ಗೋಲಿ ಹಾರಿಸುವ ಕೋಲು.

"ಅಜ್ಜಾ, ಮೊಬೈಲ್‌ನ್ಯಾಗಿನ ಪಿನ್‌ಬಾಲ್ ಇದ್ದಂಗ ಐತಲ್ಲ!"

"ಒಲಿಗಿ ಹಾಕಾಕ ಚಲೋ ಐತ್ರಿ, ನೂರಾ ಐವತ್ ಕೊಡ್ರಿ," ಅಂದ ಅಂಗಡಿಯವ. ಒಲೆಯ ಬಾಯಿಂದ ತಪ್ಪಿದ ಹಲಗೆ ನಮ್ಮ ಜೊತೆ ಬಸ್ಸು ಹತ್ತಿತು.

ಮೊಮ್ಮಗಳು ಹೇಳಿದ್ದು ಸುಳ್ಳಲ್ಲ. ಈ ಹಲಗೆಯ ಹೆಸರು ಬ್ಯಾಗಟೆಲ್. ಹುಟ್ಟಿದ್ದು 1700ರ ದಶಕಗಳ ಫ್ರಾನ್ಸಿನಲ್ಲಿ. ಮೊದಲು ಚೆಂಡನ್ನು ಕೋಲಿನಿಂದ ತಳ್ಳುತ್ತಿದ್ದರು. 1871ರಲ್ಲಿ ಅಮೆರಿಕದಲ್ಲಿ ಮಾಂಟೆಗ್ಯೂ ರೆಡ್‌ಗ್ರೇವ್ ಎಂಬವರು ಸ್ಪ್ರಿಂಗ್ ಕೋಲು ಜೋಡಿಸಿದ ಹಲಗೆಗೆ ಪೇಟೆಂಟ್ ಪಡೆದರು. 1931ರ ಸುಮಾರಿಗೆ ಕಾಸು ಹಾಕಿ ಆಡುವ ಯಂತ್ರಗಳು ಬಂದವು. ಬೀಳುವ ಚೆಂಡನ್ನು ಮತ್ತೆ ಮೇಲಕ್ಕೆ ಹೊಡೆಯುವ ಫ್ಲಿಪ್ಪರ್ ಎಂಬ ಪುಟ್ಟ ಕೈಗಳು ಬಂದದ್ದು 1947ರಲ್ಲಿ. ದೀಪ, ಗಂಟೆ ಇರುವ ದೊಡ್ಡ ಪಿನ್‌ಬಾಲ್ ಯಂತ್ರಗಳಿಗೆ ನಮ್ಮ ಮೊಳೆ ಹಲಗೆಯೇ ಮುತ್ತಜ್ಜಿ.

ಕೆಲಸ ಶುರುವಾಯಿತು. ಮೊದಲು ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದೆವು. ಆಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿದೆವು. ಹಳೆಯ ಬಣ್ಣವನ್ನು ಉಜ್ಜಿ ತೆಗೆಯಲು ನಾನು ಬಿಡಲಿಲ್ಲ. ಮಕ್ಕಳೇ, ಇದನ್ನು ನೆನಪಿಡಿ. ಹಿಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಒಣಗಿದ್ದನ್ನು ಉಜ್ಜಿದರೆ ಅದರ ಪುಡಿ ಮೂಗು ಬಾಯಿಗೆ ಹೋಗುತ್ತದೆ, ಅದು ವಿಷ. ಒರೆಸುತ್ತ ಹೋದಂತೆ ಹಸಿರು ನೆಲ, ಕೆಂಪು ಅಂಕಿಗಳು ಎದ್ದು ಬಂದವು. ತುಕ್ಕು ಹಿಡಿದ ಮೊಳೆಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಒಂದೊಂದನ್ನೇ ಒರೆಸಿದಳು.

ಸ್ಪ್ರಿಂಗ್ ಸತ್ತುಹೋಗಿತ್ತು. ಚಿಕ್ಕೋಡಿಯ ಹಾರ್ಡ್‌ವೇರ್ ಅಂಗಡಿಯಿಂದ ಮೂರು ಬಗೆಯದು ತಂದೆವು. ಮೊದಲನೆಯದಕ್ಕೆ ಗೋಲಿ ಅರ್ಧ ದಾರಿಗೇ ಹಿಂದಿರುಗಿತು, ಎರಡನೆಯದಕ್ಕೆ ಹಲಗೆ ಬಿಟ್ಟು ಅಂಗಳಕ್ಕೆ ಹಾರಿತು, ಮೂರನೆಯದು ಹೊಂದಿತು. ಕೋಲಿನ ಮೇಲೆ ಒಂದೊಂದು ಸೆಂಟಿಮೀಟರಿಗೆ ಗೆರೆ ಹಾಕಿದೆ. ಸ್ಪ್ರಿಂಗನ್ನು ಎರಡರಷ್ಟು ಎಳೆದರೆ ಅದರಲ್ಲಿ ಕೂಡುವ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು. ಅದಕ್ಕೇ ಕೂದಲೆಳೆಯಷ್ಟು ಹೆಚ್ಚು ಎಳೆದರೂ ಗೋಲಿಯ ದಾರಿ ಬದಲಾಗುತ್ತದೆ. ಆಟದ ಕೈಚಳಕವೆಲ್ಲ ಇರುವುದು ಅಲ್ಲೇ.

ಎಲ್ಲ ಸರಿಯಾಯಿತು ಎಂದುಕೊಂಡು ಆಡಲು ಕುಳಿತೆವು. 50 ಬಂತು, 100 ಬಂತು, 500 ಕೂಡ ಬಂತು. ನಟ್ಟನಡುವಿನ 1000ದ ಮನೆಗೆ ಮಾತ್ರ ಒಂದೂ ಹೋಗಲಿಲ್ಲ. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತ 100 ಸಲ ಬಿಟ್ಟಳು. 1000ದ ಸಾಲು ಖಾಲಿ. ಗೋಲಿ ಬಾಗಿಲ ತನಕ ಬರುವುದು, ಟಣ್ ಎಂದು ಬಡಿದು ಹೊರಳುವುದು.

ನನ್ನ ಹಳೆಯ ವರ್ನಿಯರ್ ಹೊರಗೆ ಬಂತು. ಗೋಲಿಯ ಅಡ್ಡಳತೆ 16 ಮಿಲಿಮೀಟರ್. ಬಾಗಿಲಿನ ಎರಡು ಮೊಳೆಗಳ ನಡುವೆ 14.

ಭೂತಗನ್ನಡಿ ಹಿಡಿದಾಗ ಉಳಿದದ್ದು ತಿಳಿಯಿತು. ಆ ಎರಡು ಮೊಳೆಗಳ ತಲೆ ಬೇರೆ, ದಪ್ಪ ಬೇರೆ. ಪಕ್ಕದಲ್ಲೇ ಮೇಣ ತುಂಬಿ ಮುಚ್ಚಿದ ಎರಡು ಹಳೆಯ ತೂತು, ಅವುಗಳ ನಡುವೆ 22 ಮಿಲಿಮೀಟರ್. ಹಲಗೆ ಮಾಡಿದ ಬಡಗಿ ಬಾಗಿಲು ಬಿಟ್ಟಿದ್ದ, ಆಮೇಲೆ ಯಾರೋ ಮುಚ್ಚಿದ್ದರು. ತಿರುವಿ ನೋಡಿದರೆ ಹಿಂಬದಿಯಲ್ಲಿ ಪೆನ್ಸಿಲ್ ಬರಹ: '100 ಬಾಚಣಿಗೆ, 500 ಲೋಟ, 1000 ರೇಡಿಯೋ'. ಜಾತ್ರೆಯಿಂದ ಜಾತ್ರೆಗೆ ತಿರುಗಿದ ಹಲಗೆ ಅದು. ಆ ರೇಡಿಯೋ ಯಾರಿಗೂ ಸಿಗುವಂತಿರಲಿಲ್ಲ.

ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ಇದನ್ನು ಕೇಳಿ ಸುಮ್ಮನೆ ನಿಂತಳು. "ನಮ್ಮಣ್ಣ ಹುಡುಗ ಇದ್ದಾಗ ಜಾತ್ರಿ ರೊಕ್ಕ ಎಲ್ಲಾ ಇಂಥಾ ಹಲಗಿಗೇ ಹಾಕಿ ಅಳಕೋತ ಬಂದಿದ್ದ. ನನ್ನ ಕೈಗುಣನ ಸರಿ ಇಲ್ಲ ಅಂತಿದ್ದ," ಅಂದಳು. ಆ ಮಾತು ಅವನಿಗೆ ಅಂಟಿಕೊಂಡೇಬಿಟ್ಟಿತ್ತು. ಹೊಲದಲ್ಲಿ ಬಿತ್ತುವಾಗ ಮೊದಲ ಹಿಡಿ ಬೀಜವನ್ನು ತಾನು ಹಾಕದೆ ತಮ್ಮನ ಕೈಯಿಂದ ಹಾಕಿಸುತ್ತಿದ್ದನಂತೆ. ಈಗ ಎಪ್ಪತ್ತು ದಾಟಿದ್ದಾನೆ.

ಅವನ ಊರು ಅಥಣಿ. ನಮಗೂ ಅಥಣಿಯಲ್ಲಿ ಕೆಲಸವಿತ್ತು. ಕೋಲಿನ ತುದಿಗೆ ತೊಗಲಿನ ತುಂಡು ಬೇಕಿತ್ತು. ಕೊಲ್ಹಾಪುರಿ ಚಪ್ಪಲಿ ಎಂದು ಹೆಸರಾದದ್ದನ್ನು ಅಥಣಿ, ನಿಪ್ಪಾಣಿಗಳ ಕುಶಲಿಗಳೂ ಮಾಡುತ್ತಾರೆ. ಅದರ ಭೌಗೋಳಿಕ ಗುರುತು ಮಹಾರಾಷ್ಟ್ರದ 4 ಜಿಲ್ಲೆಗಳಿಗೂ ನಮ್ಮ ಬೆಳಗಾವಿ ಸೇರಿ ಕರ್ನಾಟಕದ 4 ಜಿಲ್ಲೆಗಳಿಗೂ ಸೇರಿದ್ದು. ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಅಟ್ಟೆಯ ತುಂಡು ಗುಂಡಗೆ ಕತ್ತರಿಸಿ ಕೊಟ್ಟರು, ದುಡ್ಡು ಬೇಡವೆಂದರು.

ಅಲ್ಲಿಂದ ಹೆಂಡತಿಯ ಅಣ್ಣನ ಮನೆ. ಮೊಮ್ಮಗಳು ಏನೂ ಹೇಳದೆ ಹಲಗೆಯನ್ನು ಅವನ ಮುಂದಿಟ್ಟು ಕೈಗೆ ಗೋಲಿ ಕೊಟ್ಟಳು. ಅವನು ಅದನ್ನು ಬೆರಳಿನಿಂದಲೇ 1000ದ ಬಾಗಿಲಿಗೆ ಒತ್ತಿ ನೋಡಿದ. ಹೋಗಲಿಲ್ಲ. ಇನ್ನೊಮ್ಮೆ ಒತ್ತಿದ.

"ಅಂದ್ರ ನನ್ನ ಕೈ ಚಲೋನ ಇತ್ತು," ಅಂದ.

"ಇದ ಹಲಗಿ ಅಂತ ಹೆಂಗ ಹೇಳೂದು ಅಜ್ಜಾ?"

"ಇದಲ್ದಿದ್ರ ಇದರ ತಮ್ಮ!" ಎಂದು ನಕ್ಕ. ನಗುತ್ತಲೇ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ.

ಊರಿಗೆ ಬಂದಮೇಲೆ ನಮ್ಮಿಬ್ಬರಿಗೂ ಜಗಳ. ಹಳೆಯ ವಸ್ತುವನ್ನು ಸರಿಮಾಡುವಾಗ ಅದರ ಗುರುತು ಅಳಿಸಬಾರದು ಎಂಬುದು ನನ್ನ ವಾದ. ಆ ಮೊಳೆಗಳೂ ಅದರ ಕಥೆಯ ಭಾಗವಲ್ಲವೇ? "ಕಥಿ ಇರಲಿ ಅಜ್ಜಾ, ಮೋಸ ಯಾಕ ಇರಬೇಕು?" ಎಂಬುದು ಅವಳದು. ಕೊನೆಗೆ ಇಬ್ಬರ ಮಾತೂ ನಿಂತಿತು. ಎರಡು ಮೊಳೆ ಕಿತ್ತು ಬಡಗಿಯ ಹಳೆಯ ತೂತುಗಳಲ್ಲೇ ಹೊಸ ಮೊಳೆ ಹೊಡೆದೆವು. ಮೋಸದ ತೂತುಗಳನ್ನು ಮುಚ್ಚಲಿಲ್ಲ. ಕಿತ್ತ ಮೊಳೆಗಳನ್ನು ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಹಲಗೆಯ ಬೆನ್ನಿಗೆ ಕಟ್ಟಿದೆವು. ಪೆನ್ಸಿಲ್ ಬರಹದ ಕೆಳಗೆ ಅವಳು '16' ಮತ್ತು '14' ಎಂದು ಬರೆದಳು.

ಆಗ ಅವಳಿಗೆ ನ್ಯೂಯಾರ್ಕಿನ ಸಂಗತಿ ಹೇಳಿದೆ. ಪಿನ್‌ಬಾಲ್ ಬರೀ ಅದೃಷ್ಟದ ಜೂಜು ಎಂದು ಆ ನಗರ 1942ರಲ್ಲಿ ಅದನ್ನು ನಿಷೇಧಿಸಿತ್ತು. 1976ರಲ್ಲಿ ರೋಜರ್ ಶಾರ್ಪ್ ಎಂಬ ಬರಹಗಾರ ನಗರಸಭೆಯವರ ಎದುರೇ ಆಡಿ, ಚೆಂಡು ಯಾವ ದಾರಿಯಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳಿ, ಹಾಗೆಯೇ ಇಳಿಸಿ ತೋರಿಸಿದ. ನಿಷೇಧ ಹೋಯಿತು. ಕೈಚಳಕ ಗೆಲ್ಲಬೇಕಾದರೆ ಯಂತ್ರ ನೆಟ್ಟಗಿರಬೇಕು.

ಮೊಮ್ಮಗಳು ಮತ್ತೆ 100 ಸಲ ಬಿಟ್ಟಳು. ಈ ಬಾರಿ 1000ದ ಮನೆಗೆ ಮೂರು ಗೋಲಿ ಬಿದ್ದವು. ಎರಡು ಸಲ ಬಿದ್ದದ್ದು ಕೋಲನ್ನು ನಾಲ್ಕನೇ ಗೆರೆಯ ತನಕ ಎಳೆದಾಗ ಎಂದು ಅವಳ ನೋಟ್‌ಬುಕ್ ಹೇಳುತ್ತದೆ.

ನಿಮ್ಮ ಅಟ್ಟದ ಮೇಲೂ ಇಂಥದೊಂದು ಹಲಗೆ ಇದ್ದೀತು. ಅಜ್ಜ ಅಜ್ಜಿಯರ ಜೊತೆ ಇಳಿಸಿ, ಒರೆಸಿ, ಎಣ್ಣೆ ಹಚ್ಚಿ. ಆದರೆ ಆಡುವ ಮೊದಲು ಗೋಲಿಯನ್ನು ಕೈಯಲ್ಲಿ ಹಿಡಿದು ಪ್ರತಿ ಮನೆಯ ಬಾಗಿಲಿಗೂ ಒಮ್ಮೆ ಹಚ್ಚಿ ನೋಡಿ. ಅಥಣಿಯಿಂದ ಮೊನ್ನೆ ಫೋನು ಬಂದಿತ್ತು. ಈ ಸಲ ಮೊದಲ ಹಿಡಿ ಬೀಜ ಅವನೇ ಹಾಕಿದನಂತೆ.