ಗದುಗಿನಲ್ಲಿ ಒಂದು ಹಗಲು

ಹಮ್ಮಿಗಿಯ ನಮಗೆ ಗದಗ ಎಂದರೆ ಕೋರ್ಟು, ಆಸ್ಪತ್ರೆ, ಎಪಿಎಂಸಿ. ತುಂಗಭದ್ರೆಯ ದಂಡೆಯಿಂದ ಹೊರಟು, ಮುಂಡರಗಿ, ಡಂಬಳ ದಾಟಿ ಹೋಗುತ್ತೇವೆ. ಕೆಲಸ ಮುಗಿದರೆ ಸಂಜೆ ಬಸ್ಸಿಗೆ ವಾಪಸ್. ಗೋವಾದಿಂದ ಹಂಪಿಗೆ ಹೊರಟ ಬೆನ್ನುಚೀಲದ ಹುಡುಗ ಹುಡುಗಿಯರೂ ಹುಬ್ಬಳ್ಳಿ-ಹೊಸಪೇಟೆ ರೈಲಿನಲ್ಲಿ ಇದೇ ಗದಗ ಜಂಕ್ಷನ್ ಹಾದು ಹೋಗುತ್ತಾರೆ. ಇಳಿಯುವವರು ಕಡಿಮೆ. ಇಳಿದರೆ ಒಂದು ಹಗಲಿನಲ್ಲಿ ಏನೆಲ್ಲ ಸಿಗುತ್ತದೆ ಎಂಬುದನ್ನು ನಾನು ಕಂಡವನು.

ಮೊದಲು ತ್ರಿಕೂಟೇಶ್ವರ. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರ ಹೆಸರಿನ ಮೂರು ಲಿಂಗಗಳು ಒಂದೇ ಪೀಠದ ಮೇಲಿವೆ. ಅದೇ ಆವರಣದ ಸರಸ್ವತಿ ಗುಡಿಯ ಕಂಬಗಳ ಎದುರು ನಾನು ಬಹಳ ಹೊತ್ತು ನಿಂತೆ. ಮೇಲಿಂದ ಕೆಳಗಿನತನಕ ಬೆರಳಗಲ ಜಾಗವನ್ನೂ ಉಳಿ ಬಿಟ್ಟಿಲ್ಲ. ಬಂಗಾರದ ಒಡವೆಗೆ ಮಾಡುವ ಕುಸುರಿಯನ್ನು ಕಲ್ಲಿಗೆ ಮಾಡಿದ್ದಾರೆ. ಒಳಗಿನ ದೇವಿಯ ಮೂರ್ತಿ ಮಾತ್ರ ಭಗ್ನವಾಗಿದೆ. ಅದನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಲ್ಲಿಂದ ವೀರನಾರಾಯಣನ ಗುಡಿಗೆ. ಕೋಳಿವಾಡದ ನಾರಣಪ್ಪ, ಅಂದರೆ ಕುಮಾರವ್ಯಾಸ, ಇಲ್ಲಿನ ಕಂಬಕ್ಕೆ ಒರಗಿ, ಮಿಂದ ಒದ್ದೆ ಬಟ್ಟೆ ಆರುವತನಕ ಭಾರತ ಬರೆಯುತ್ತಿದ್ದನೆಂದು ಊರು ನಂಬುತ್ತದೆ. ಪ್ರದಕ್ಷಿಣೆ ಮುಗಿಸಿ ಕೂತಿದ್ದ ಅಜ್ಜಾರೊಬ್ಬರು, "ತಮ್ಮಾ, ಆ ಕಂಬ ನೋಡಿದಿ? ಕುಮಾರವ್ಯಾಸ ಕುಂತಿದ್ದು ಅಲ್ಲೇ," ಎಂದರು. ನಿನ್ನೆ ನಡೆದ ಸಂಗತಿಯಂತೆ ಇತ್ತು ಅವರ ದನಿ. ಐದಾರು ನೂರು ವರ್ಷದ ಹಿಂದಿನ ಕವಿಯನ್ನು ಮನೆಯ ಹಿರಿಯನಂತೆ ನೆನೆಯುವ ಊರು ನಿಜವಾದ ಐತಿಹಾಸಿಕ ಊರು. ಅವಳಿ ಊರಾದ ಬೆಟಗೇರಿಯ ಓಣಿಗಳಲ್ಲಿ ಸೀರೆ ನೇಯುವವರು, ವೀರೇಶ್ವರ ಪುಣ್ಯಾಶ್ರಮದಲ್ಲಿ ಸ್ವರ ಕಲಿಯುವ ಅಂಧ ಮಕ್ಕಳು ಇದ್ದಾರೆ. ಗಾಯಕ ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ನೆಲವೂ ಈ ಜಿಲ್ಲೆಯದೇ.

ಮಧ್ಯಾಹ್ನ ರೊಟ್ಟಿ, ಎಣಗಾಯಿ ಉಂಡು ಲಕ್ಕುಂಡಿಯ ಬಸ್ಸು ಹತ್ತಬೇಕು. ಅರ್ಧ ತಾಸಿನ ದಾರಿ. ಅಲ್ಲಿನ ಬ್ರಹ್ಮ ಜಿನಾಲಯ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ್ದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ತಾಯಿ ಅವಳು. ಅಚ್ಚಿನ ಮನೆ ಇಲ್ಲದ ಕಾಲದಲ್ಲಿ ಒಂದೊಂದು ಓಲೆಯನ್ನೂ ಕೈಯಲ್ಲೇ ಬರೆಸಬೇಕಿತ್ತು ಎಂಬುದನ್ನು ಆ ಜಿನಾಲಯದ ಮುಂದೆ ನಿಂತು ನೆನೆದಾಗ ಕೈ ತಾನಾಗಿ ಮುಗಿಯುತ್ತದೆ.

ಹಮ್ಮಿಗಿಗೆ ಮರಳುವ ದಾರಿಯಲ್ಲಿ ಬೆಳಕಿದ್ದರೆ ಡಂಬಳದಲ್ಲೂ ಇಳಿಯಿರಿ. ದೊಡ್ಡಬಸಪ್ಪನ ಗುಡಿಯ ಗೋಡೆ ನಕ್ಷತ್ರದಂತೆ ಮೂಲೆ ಮೂಲೆಯಾಗಿ ತಿರುಗುತ್ತ ಹೋಗುತ್ತದೆ. ಸುತ್ತ ನಡೆದರೆ ಹೆಜ್ಜೆ ಹೆಜ್ಜೆಗೂ ನೆರಳು ಬದಲಾಗುತ್ತದೆ.

ದೂರದ ಊರುಗಳ ಪಟ್ಟಿ ಹಿಡಿದು ತಿರುಗುವ ನಮ್ಮ ಮಕ್ಕಳಿಗೆ ನನ್ನದೊಂದು ಮಾತು: ಚೀಲದಲ್ಲಿ ಒಂದು ಜೊತೆ ಬಟ್ಟೆ, ಒಂದು ನೀರಿನ ಬಾಟಲಿ ಇಟ್ಟುಕೊಂಡು ಮೊದಲು ಗದಗದಲ್ಲಿ ಇಳಿಯಿರಿ. ನಿಮ್ಮ ಮಾತಿನ ಬೇರು ಇಲ್ಲಿದೆ. ಹಂಪಿಯ ರೈಲು ನಾಳೆಯೂ ಇರುತ್ತದೆ.